ಕಾರಿನ ಬಿಸಿಗೆ ಗಿಟಾರ್ ಹಾಳಾಗದ ಹಾಗೆ ಒಯ್ಯುವುದು ಹೇಗೆ? (ಕಾರವಾರ – ಶಿರಸಿ – ಹುಬ್ಬಳ್ಳಿ)

ಕೋಡಿಬಾಗ_ಆರುತಂತಿ · ಶನಿವಾರ, ರಾತ್ರಿ 9:40

ಕಳೆದ ಏಪ್ರಿಲ್‌ನಲ್ಲಿ ಆದದ್ದನ್ನು ಮೊದಲು ಹೇಳ್ತೇನೆ, ಆಮೇಲೆ ಪ್ರಶ್ನೆ.

ಅಂಕೋಲಾ ಕಡೆ ಒಂದು ಮದುವೆ ರಿಸೆಪ್ಶನ್‌ಗೆ ನುಡಿಸಲಿಕ್ಕೆ ಹೋಗಿದ್ದೆವು. ತಲುಪಿದಾಗ ಮಧ್ಯಾಹ್ನ 12 ಗಂಟೆ. ಸೌಂಡಿನವರು ಇನ್ನೂ ಬಂದಿಲ್ಲ ಅಂತ ಗಿಟಾರನ್ನು ಹಿಂದಿನ ಸೀಟಿನಲ್ಲೇ ಬಿಟ್ಟು ಊಟಕ್ಕೆ ಕೂತೆವು. ಕಾರು ನಿಲ್ಲಿಸಿದ್ದು ಹಾಲ್ ಎದುರಿನ ಬಯಲಲ್ಲಿ, ಸುತ್ತ ಒಂದು ಮರ ಇಲ್ಲ. ಗಿಟಾರ್ ಇದ್ದದ್ದು ಕಪ್ಪು ಗಿಗ್ ಬ್ಯಾಗಿನಲ್ಲಿ, ಅಂದರೆ ಬಟ್ಟೆಯ ಮೆತ್ತನೆ ಚೀಲದಲ್ಲಿ. ನಾಲ್ಕು ಗಂಟೆಗೆ ಹೋಗಿ ಜಿಪ್ ಎಳೆದರೆ ಬೆರಳು ಚುರ್ ಅಂದಿತು. ಗಿಟಾರಿನ ಬೆನ್ನು ಮುಟ್ಟಿದರೆ ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆ ಹಾಗೆ. ಆರೂ ತಂತಿ ಶ್ರುತಿ ಇಳಿದಿತ್ತು. ನೆಕ್ (ಗಿಟಾರಿನ ಉದ್ದ ಕತ್ತು) ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗೆ ಫ್ರೆಟ್ ಅನ್ನುತ್ತೇವೆ; ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಮತ್ತು ಮರದ ನಡುವೆ ಎರಡು ನಾಣ್ಯ ಒಟ್ಟಿಗೆ ತೂರಿಸುವಷ್ಟು ಸಂದು ಬಿದ್ದಿತ್ತು. ಆ್ಯಂಪ್‌ನ ವಾಲ್ಯೂಮ್ ಸ್ವಲ್ಪ ಏರಿಸಿದ ಕೂಡಲೇ ಬ್ರಿಜ್ (ತಂತಿಯ ಕೆಳತುದಿ ಕೂರುವ ಜಾಗ) ಕಡೆಯ ಪಿಕಪ್, ಅಂದರೆ ತಂತಿಯ ನಡುಕ ಹಿಡಿದು ಆ್ಯಂಪ್‌ಗೆ ಕಳಿಸುವ ಭಾಗ, ಕೀ ಅಂತ ಕಿರುಚಲಿಕ್ಕೆ ಶುರು ಮಾಡಿತು. ಹಿಂದೆ ಯಾವತ್ತೂ ಹಾಗೆ ಮಾಡಿದ್ದಿಲ್ಲ.

ಬೈತಖೋಲ ಬಂದರಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕ ಮೊದಲ ವರ್ಷ ದುಡ್ಡು ಕೂಡಿಸಿ ತೆಗೆದುಕೊಂಡ ಗಿಟಾರ್ ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಡಗಾಂವ್‌ನಲ್ಲಿ ರಿಪೇರಿಯವರೊಬ್ಬರು ನೆಕ್ ಸರಿ ಮಾಡಿ ಕೊಟ್ಟರು. ಪಿಕಪ್ ಮಾತ್ರ ಇನ್ನೂ ಕಿರುಚುತ್ತದೆ.

ಈಗ ಮೇ ತಿಂಗಳಲ್ಲಿ ಶಿರಸಿಯಲ್ಲಿ ಗೆಳೆಯರ ಜೊತೆ ಒಂದು ಕಾರ್ಯಕ್ರಮ ಇದೆ, ಮಾರನೇ ದಿನ ಹುಬ್ಬಳ್ಳಿ. ಹೋಗುವುದು ಕುಮಟಾ, ದೇವಿಮನೆ ಘಾಟಿ ಮೇಲೆ. ವಾಪಸ್ ಯಲ್ಲಾಪುರ, ಅರಬೈಲು ಘಾಟಿ ಮೇಲೆ. ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಗಿಟಾರನ್ನು ಡಿಕ್ಕಿಯಲ್ಲಿ ಇಡಬೇಕೋ, ಸೀಟಿನ ಮೇಲೋ? ತಂತಿ ಸಡಿಲ ಮಾಡಬೇಕೋ ಬೇಡವೋ? ಕೇಸಿಗೆ ಏನಾದರೂ ಸುತ್ತಬೇಕೋ? ಗೊತ್ತಿದ್ದವರು ದಯವಿಟ್ಟು ಹೇಳಿ.


ಮಾಜಾಳಿ_ಬೇಸ್ · ಶನಿವಾರ, ರಾತ್ರಿ 10:15

ಓದಿ ಬೇಜಾರಾಯ್ತು ಮಾರಾಯ. ಗೋವಾ ಗಡಿಯಲ್ಲೇ ನಮ್ಮ ಮನೆ, ಕಾಣಕೋಣ, ಮಡಗಾಂವ್ ಕಡೆ ಚರ್ಚ್ ಫೆಸ್ತಿಗೆ, ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ನುಡಿಸ್ತಾ ಹದಿನೈದು ವರ್ಷ ಆಯ್ತು. ನಾನು ತಂತಿ ಪೂರ್ತಿ ಸಡಿಲ ಮಾಡಿ ಒಯ್ಯುತ್ತೇನೆ. ಎಳೆತವೇ ಇಲ್ಲದಿದ್ದರೆ ನೆಕ್ ಬಾಗುವುದು ಹೇಗೆ? ಗಿಗ್ ಬ್ಯಾಗ್ ಬಿಟ್ಟುಬಿಡು, ಹಾರ್ಡ್ ಕೇಸ್ ತಗೋ. ಕಪ್ಪು ಬಣ್ಣದ್ದೇ ಸಿಕ್ಕರೆ ಮೇಲೆ ಬಿಳಿ ಪಂಚೆ ಹೊದಿಸು.


ಬೀಟೆಮರ_ಶಿರಸಿ · ಭಾನುವಾರ, ಬೆಳಿಗ್ಗೆ 6:50

ತಮಾ, ನಾನು ಮರಗೆಲಸದವ. ನಲವತ್ತು ವರ್ಷದಿಂದ ಬಾಗಿಲು, ಮಂಚ, ದೇವರ ಮಂಟಪ ಮಾಡಿದ್ದೇನೆ. ಮಗನಿಂದಾಗಿ ಗಿಟಾರ್ ರಿಪೇರಿಯೂ ಕಲಿತೆ. ನಿನ್ನ ಗಿಟಾರಿಗೆ ಆದದ್ದು ಏನು ಅಂತ ಮೊದಲು ತಿಳಿದುಕೋ, ಆಗ ಏನು ಮಾಡಬೇಕು ಅಂತ ನಿನಗೇ ಗೊತ್ತಾಗ್ತದೆ.

ಗಿಟಾರಿನ ನೆಕ್ ಒಂದೇ ತುಂಡಿನ ಮರ ಅಲ್ಲ. ಹೆಚ್ಚಿನವುಗಳಲ್ಲಿ ಹಿಂದೆ ಮೇಪಲ್ ಅಥವಾ ಮಹಾಗನಿ, ಅದರ ಮೇಲೆ ಅಂಟಿಸಿದ ಫ್ರೆಟ್‌ಬೋರ್ಡ್. ಆ ಕಂದು ಬಣ್ಣದ ಫ್ರೆಟ್‌ಬೋರ್ಡ್ ಬಹಳಷ್ಟು ಸಲ ನಮ್ಮದೇ ಬೀಟೆ. ಬ್ರೆಜಿಲ್ ದೇಶದ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿತ್ತು. ಅದಕ್ಕೂ ಮೊದಲೇ ಜಗತ್ತಿನ ಗಿಟಾರ್ ಕಂಪನಿಗಳು ಭಾರತದ ಬೀಟೆಗೆ ಬಂದಿದ್ದವು. ಯಲ್ಲಾಪುರ, ದಾಂಡೇಲಿ ಕಾಡಲ್ಲಿ ಬೆಳೆಯುವ ಜಾತಿಯ ಮರವನ್ನೇ ನೀನು ಬೆರಳಿನಡಿ ಒತ್ತುತ್ತಾ ಇದ್ದೀಯ. ಹೇಳಬೇಕು ಅನ್ನಿಸ್ತು, ಹೇಳಿದೆ.

ವಿಷಯ ಇರುವುದು ಅಂಟಿನಲ್ಲಿ. ಎರಡು ಮರಕ್ಕೆ ಹಾಕುವುದು ಸಾಮಾನ್ಯವಾಗಿ ಫೆವಿಕಾಲ್ ಜಾತಿಯ ಅಂಟು. ಇದು 60 ಡಿಗ್ರಿ ಸುತ್ತಮುತ್ತ ಬಂದರೆ ಮೆತ್ತಗಾಗಲಿಕ್ಕೆ ಶುರು ಆಗ್ತದೆ. ನಾವು ಹಾಳಾದ ಫ್ರೆಟ್‌ಬೋರ್ಡ್ ಬಿಡಿಸುವುದೇ ಹಾಗೆ: ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಬಿಸಿ ಮಾಡಿ, ತೆಳು ಚೂರಿ ಹಾಕಿ ನಿಧಾನ ಎಬ್ಬಿಸ್ತೇವೆ. ಬಿಸಿಲಲ್ಲಿ ಮುಚ್ಚಿಟ್ಟ ಕಾರು ಮಾಡುವ ಕೆಲಸ ಅದೇ. ಹತ್ತರ ಸೆಟ್ (ಅತಿ ತೆಳು ತಂತಿ 0.010 ಇಂಚು ಇರುವ ಸೆಟ್) ತಂತಿ ಒಟ್ಟು ಸುಮಾರು 45 ಕಿಲೋ ಎಳೆತದಲ್ಲಿ ಇರ್ತದೆ. ಅಂಟು ಮೆತ್ತಗಾದಾಗ ಎರಡು ಮರ ಒಂದರ ಮೇಲೊಂದು ಕೂದಲೆಳೆಯಷ್ಟು ಜಾರಿದರೂ ನೆಕ್ ಮುಂದಕ್ಕೆ ಬಾಗ್ತದೆ. ತಣಿದ ಮೇಲೆ ಅಂಟು ಅಲ್ಲೇ ಗಟ್ಟಿ ಆಗ್ತದೆ, ಬಾಗಿದ್ದು ಬಾಗಿಯೇ ಉಳಿಯುತ್ತದೆ.

ಮಾಜಾಳಿಯವರು ತಂತಿ ಪೂರ್ತಿ ಬಿಡುವುದು ಹೇಳಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಒಳಗೆ ಟ್ರಸ್ ರಾಡ್ ಅನ್ನುವ ಕಬ್ಬಿಣದ ಸರಳು ತಂತಿಯ ಎಳೆತಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೀತಾ ಇರ್ತದೆ. ತಂತಿ ಪೂರ್ತಿ ಬಿಟ್ಟರೆ ಸರಳಿನ ಎಳೆತ ಮಾತ್ರ ಉಳಿದು ನೆಕ್ ಹಿಂದಕ್ಕೆ ಬಾಗಬಹುದು. ಅರ್ಧ ಸ್ವರದಿಂದ ಒಂದು ಸ್ವರ ಇಳಿಸು, ಸಾಕು.


ಮಾಜಾಳಿ_ಬೇಸ್ · ಭಾನುವಾರ, ಬೆಳಿಗ್ಗೆ 8:05

ಅಣ್ಣಾ, ನಾನು ನುಡಿಸುವ ಬೇಸ್ ಗಿಟಾರಿನ ತಂತಿ ಇನ್ನೂ ದಪ್ಪ, ಎಳೆತ ಹೆಚ್ಚು. ನಾನು ಪೂರ್ತಿ ಬಿಟ್ಟು ಒಯ್ದಾಗಲೆಲ್ಲ ಸ್ಟೇಜ್ ಮೇಲೆ ಮೊದಲ ಅರ್ಧ ಗಂಟೆ ಶ್ರುತಿ ನಿಲ್ಲುತ್ತಿರಲಿಲ್ಲ. ತಂತಿ ಹಳೆಯದಾಯ್ತು ಅಂದುಕೊಳ್ತಿದ್ದೆ. ಇನ್ನು ಮೇಲೆ ಒಂದು ಸ್ವರ ಮಾತ್ರ ಇಳಿಸಿ ನೋಡ್ತೇನೆ.


ಕುಮಟಾ_ಭೌತಶಾಸ್ತ್ರ · ಭಾನುವಾರ, ಮಧ್ಯಾಹ್ನ 1:30

ಕಾಲೇಜಿನಲ್ಲಿ ಪಾಠ ಮಾಡುವವನು, ಗಿಟಾರ್ ನುಡಿಸಲಿಕ್ಕೆ ಬರುವುದಿಲ್ಲ. ಆದರೆ ಮುಚ್ಚಿದ ಕಾರಿನೊಳಗೆ ಏನಾಗುತ್ತದೆ ಅನ್ನುವುದು ನನ್ನ ವಿಷಯವೇ.

ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಡ್ಯಾಶ್‌ಬೋರ್ಡು, ಸೀಟು ಕಾದು ಹೊರಗೆ ಸೂಸುವ ಶಾಖವನ್ನು ಮಾತ್ರ ಅದು ಹೊರಗೆ ಬಿಡುವುದಿಲ್ಲ, ಕಾದ ಗಾಳಿಗೂ ದಾರಿ ಇಲ್ಲ. ಅಮೆರಿಕದ ವೈದ್ಯರು ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಸುರಕ್ಷತೆಗಾಗಿ ಇದನ್ನು ಅಳೆದು 2005ರಲ್ಲಿ ಪ್ರಕಟಿಸಿದ್ದರು. ಒಂದು ಗಂಟೆಯಲ್ಲಿ ಒಳಗಿನ ತಾಪ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಆ ಏರಿಕೆಯಲ್ಲಿ ನೂರಕ್ಕೆ 80 ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿರುತ್ತದೆ. ಕಿಟಕಿ ಒಂದಿಷ್ಟು ಇಳಿಸಿಟ್ಟರೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ನಮ್ಮ ಕರಾವಳಿಯಲ್ಲಿ ಹೊರಗೆ 33 ಇದ್ದರೆ ಒಳಗೆ 55. ನೇರ ಬಿಸಿಲು ಬೀಳುವ ಕಪ್ಪು ಬ್ಯಾಗಿನ ಮೈ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಶಿರಸಿಯ ಅಣ್ಣ ಹೇಳಿದ 60 ಅಲ್ಲೇ ಬಂತು.

ಇನ್ನೊಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಗಾಳಿ ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಕುಸಿಯುತ್ತದೆ. 30 ಡಿಗ್ರಿಯಲ್ಲಿ 75 ಪ್ರತಿಶತ ಇರುವ ಕರಾವಳಿಯ ಗಾಳಿಯನ್ನೇ 55ಕ್ಕೆ ಕಾಯಿಸಿದರೆ ಅದು ಸುಮಾರು 20 ಪ್ರತಿಶತಕ್ಕೆ ಇಳಿಯುತ್ತದೆ. ಲೆಕ್ಕ ಮಾಡಿಯೇ ಹೇಳುತ್ತಿದ್ದೇನೆ. ಗಿಟಾರಿಗೆ 40ರಿಂದ 60ರ ನಡುವೆ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಸಮುದ್ರದ ದಂಡೆಯಲ್ಲೇ ನಿಂತಿದ್ದರೂ ನಿಮ್ಮ ಕಾರಿನೊಳಗೆ ಮರುಭೂಮಿ. ವಾರ್ನಿಶ್ ಇಲ್ಲದ ಬೀಟೆ ಮೊದಲು ಒಣಗಿ ಅಗಲದಲ್ಲಿ ಕುಗ್ಗುತ್ತದೆ. ಫ್ರೆಟ್ಟಿನ ಲೋಹ ಕುಗ್ಗುವುದಿಲ್ಲ, ಹಾಗಾಗಿ ಅದರ ತುದಿ ಹೊರಗೆ ಚಾಚುತ್ತದೆ. ನೆಕ್ಕಿನ ಅಂಚಿನ ಮೇಲೆ ಕೈ ಸವರಿದಾಗ ಚುಚ್ಚಿತೇ, ನೆನಪು ಮಾಡಿಕೊಳ್ಳಿ.

ಗಾಳಿ ಆಡದ ಹಾರ್ಡ್ ಕೇಸ್ ಇದ್ದರೆ ಮರ ಬಿಟ್ಟ ತೇವ ಕೇಸಿನೊಳಗೇ ಉಳಿಯುತ್ತದೆ. ಒಣಗುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಬಿಸಿಯನ್ನು ತಡೆಯುವುದಿಲ್ಲ, ತಡ ಮಾಡುತ್ತದೆ ಅಷ್ಟೇ.


ಕೋಡಿಬಾಗ_ಆರುತಂತಿ · ಭಾನುವಾರ, ಮಧ್ಯಾಹ್ನ 2:10

ಸರ್, ಚುಚ್ಚಿತ್ತು! ಆ ದಿನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಗೀರು ಬಿದ್ದಿತ್ತು. ತಂತಿ ತುದಿ ತಾಗಿತು ಅಂದುಕೊಂಡಿದ್ದೆ.


ಹೊನ್ನಾವರದ_ಅಕ್ಕ · ಭಾನುವಾರ, ಸಂಜೆ 5:25

ಪಿಕಪ್ ಕಿರುಚುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೇನೆ ತಮ್ಮಾ.

ಪಿಕಪ್ಪಿನ ಒಳಗೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ ಇರ್ತದೆ. ದಪ್ಪ ಸುಮಾರು 0.06 ಮಿಲಿಮೀಟರ್, ತಲೆಕೂದಲಿನಷ್ಟೂ ಇಲ್ಲ. ಆ ಸುತ್ತುಗಳು ಅಲುಗಾಡದಿರಲಿ ಅಂತ ತಯಾರಿಸುವಾಗ ಕರಗಿದ ಮೇಣದಲ್ಲಿ ಅದ್ದಿ ತೆಗೀತಾರೆ. ಪ್ಯಾರಾಫಿನ್‌ಗೆ ಒಂದಷ್ಟು ಜೇನುಮೇಣ ಬೆರೆಸ್ತಾರೆ. ಪ್ಯಾರಾಫಿನ್ ಅದರ ಜಾತಿ ನೋಡಿಕೊಂಡು 50ರಿಂದ 65 ಡಿಗ್ರಿ ಒಳಗೆ ಕರಗ್ತದೆ, ಜೇನುಮೇಣ 62–64ರಲ್ಲಿ. ಕಾರಿನಲ್ಲಿ ಕಾದಾಗ ಮೇಣ ಮೆತ್ತಗಾಗಿ ಒಂದು ಬದಿಗೆ ಹರಿದಿದ್ದರೆ ಕೆಲವು ಸುತ್ತು ಸಡಿಲ ಉಳೀತವೆ. ಆ್ಯಂಪಿನ ಸದ್ದಿಗೆ ಅವೂ ನಡುಗಿ ಅದೇ ಸದ್ದು ಮತ್ತೆ ಆ್ಯಂಪಿಗೆ ಹೋಗ್ತದೆ. ಅದೇ ಕೀ ಅನ್ನುವುದು. ಪಿಕಪ್ ಬಿಚ್ಚಿ ನೋಡು, ಕವರಿನ ಅಂಚಿನಲ್ಲಿ ಮೇಣದ ಹನಿ ಹೆಪ್ಪುಗಟ್ಟಿದ್ದು ಕಂಡರೆ ಖಾತ್ರಿ.

ಸರಿ ಮಾಡಬಹುದು. ನನ್ನದನ್ನು ನಾನೇ ಮಾಡಿಕೊಂಡೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಸಣ್ಣ ಪಾತ್ರೆಯಲ್ಲಿ ಮೇಣ. ಮೇಣದ ಪಾತ್ರೆಯನ್ನು ಯಾವತ್ತೂ ನೇರ ಬೆಂಕಿ ಮೇಲೆ ಇಡಬಾರದು, ಹೊತ್ತಿಕೊಳ್ತದೆ. ಮೇಣ 65ರ ಆಸುಪಾಸು ನಿಂತಾಗ ಪಿಕಪ್ ಅದ್ದಬೇಕು, ಒಳಗಿನ ಗಾಳಿಗುಳ್ಳೆ ಬರುವುದು ನಿಲ್ಲುವ ತನಕ ಕಾಯಬೇಕು. ಅದಕ್ಕಿಂತ ಜಾಸ್ತಿ ಬಿಸಿ ಆದರೆ ತಂತಿ ಸುತ್ತಿದ ಪ್ಲಾಸ್ಟಿಕ್ ಬಾಬಿನ್ನೇ ಸೊಟ್ಟ ಆಗ್ತದೆ, ಥರ್ಮಾಮೀಟರ್ ಇಲ್ಲದೆ ಕೈ ಹಾಕಬೇಡ. ಜೇನುಮೇಣ ನಿಮ್ಮ ಶಿರಸಿ ಕಡೆ ಒಳ್ಳೆಯದು ಸಿಗ್ತದೆ, ಹೋದಾಗ ತಗೊಂಡು ಬಾ.


ದೇವಿಮನೆ_ಡ್ರೈವರ್ · ಭಾನುವಾರ, ರಾತ್ರಿ 11:05

ನಾನು ಟ್ಯಾಕ್ಸಿ ಓಡಿಸುವವ. ಗಿಟಾರ್ ಗೊತ್ತಿಲ್ಲ, ಕಾರು ಗೊತ್ತು.

ಡಿಕ್ಕಿಯಲ್ಲಿ ಬಿಸಿಲು ಬೀಳುವುದಿಲ್ಲ, ಅದು ಒಳ್ಳೇದು. ಆದರೆ ಮೇಲೆ ತಗಡು, ಕೆಳಗೆ ಸೈಲೆನ್ಸರ್, ಎಸಿ ಗಾಳಿ ಅಲ್ಲಿಗೆ ಬರುವುದಿಲ್ಲ. ನಿಮ್ಮದು ಹ್ಯಾಚ್‌ಬ್ಯಾಕ್ ಅಂದಿರಿ. ಡಿಕ್ಕಿ ಮೇಲಿನ ಹಲಗೆ ತೆಗೆದು ಹಿಂದಿನ ಸೀಟಿನ ಒಂದು ಪಾಲು ಮಡಚಿದರೆ ಡಿಕ್ಕಿ ಮತ್ತೆ ಕ್ಯಾಬಿನ್ ಒಂದೇ ಆಗ್ತದೆ. ಕೇಸನ್ನು ಕಿಟಕಿ ಗಾಜಿನ ಮಟ್ಟದಿಂದ ಕೆಳಗೆ ಅಡ್ಡ ಮಲಗಿಸಿ. ಘಾಟಿಯ ತಿರುವಿನಲ್ಲಿ ಜಾರದ ಹಾಗೆ ಎರಡೂ ಬದಿ ಬಟ್ಟೆಬ್ಯಾಗು ಒತ್ತಿ. ಹಿಂದಿನ ಗಾಜಿಗೆ ಪರದೆ ಹಾಕಿ.

ಕಾರು ಕಾದಿದ್ದರೆ ಹತ್ತಿದ ಕೂಡಲೇ ಗಿಟಾರ್ ಇಡಬೇಡಿ. ನಾಲ್ಕೂ ಬಾಗಿಲು ತೆಗೆದು, ಎಸಿ ಹಾಕಿ, ಐದು ನಿಮಿಷ ಬಿಸಿಗಾಳಿ ಹೊರಗೆ ಹೋಗಲಿ. ಆಮೇಲೆ ಇಡಿ.

ನೆರಳು ನೋಡಿ ನಿಲ್ಲಿಸುವವರು ಒಂದು ತಪ್ಪು ಮಾಡ್ತಾರೆ. ಬಂದ ಹೊತ್ತಿನ ನೆರಳು ನೋಡ್ತಾರೆ, ಹೋಗುವ ಹೊತ್ತಿನ ನೆರಳು ನೋಡುವುದಿಲ್ಲ. ಮಧ್ಯಾಹ್ನ ಮೇಲೆ ಸೂರ್ಯ ಪಶ್ಚಿಮಕ್ಕೆ ಇಳೀತಾನೆ, ನೆರಳು ಪೂರ್ವಕ್ಕೆ ಸರೀತದೆ. ಹಾಗಾಗಿ 12ಕ್ಕೆ ಬಂದರೆ ಮರದ ಪೂರ್ವ ಬದಿಗೆ ನಿಲ್ಲಿಸಿ, ಆ ಹೊತ್ತಿಗೆ ಸ್ವಲ್ಪ ಬಿಸಿಲಿದ್ದರೂ ಅಡ್ಡಿಲ್ಲ.


ಹಿಮ್ಮೇಳದ_ಮಗ · ಸೋಮವಾರ, ಬೆಳಿಗ್ಗೆ 7:30

ನಮ್ಮ ಅಪ್ಪಯ್ಯ ಮೂವತ್ತು ವರ್ಷ ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಮದ್ದಳೆ ನುಡಿಸಿದವರು. ನಿಮ್ಮ ಚರ್ಚೆ ಓದಿ ಹೇಳಿದೆ. ಅವರಿಗೆ ಇದು ಹೊಸ ವಿಷಯವೇ ಅಲ್ಲ.

ಬಿಸಿಲು ಬಿದ್ದರೆ ಚಂಡೆ, ಮದ್ದಳೆಯ ಚರ್ಮ ಬಿಗಿದು ಶ್ರುತಿ ಏರ್ತದೆ, ಮಳೆಗಾಲದಲ್ಲಿ ಸಡಿಲಾಗಿ ಇಳೀತದೆ. ನಿಮ್ಮ ಉಕ್ಕಿನ ತಂತಿ ಬಿಸಿಗೆ ಹಿಗ್ಗಿ ಶ್ರುತಿ ಇಳೀತದೆ, ಅಂದರೆ ಉಲ್ಟಾ. ಅವರ ಕಾಲದಲ್ಲಿ ಮೇಳ ಒಂದೂರಿಂದ ಇನ್ನೊಂದೂರಿಗೆ ಹೋಗುವುದು ಹಗಲು ಹೊತ್ತಿನಲ್ಲಿ, ಲಾರಿಯಲ್ಲಿ. ವೇಷದ ಪೆಟ್ಟಿಗೆ, ರಂಗಸ್ಥಳದ ಸಾಮಾನು ಎಲ್ಲ ಲಾರಿಗೆ ಏರಿದರೂ ಮದ್ದಳೆ ಮಾತ್ರ ಅಪ್ಪಯ್ಯನ ತೊಡೆ ಮೇಲೆ. ಹಳೇ ಸೀರೆ ಸುತ್ತಿ, ಅದರ ಮೇಲೆ ಗವಸು. ಊಟಕ್ಕೆ ಇಳಿದರೆ ಮದ್ದಳೆಯೂ ಇಳೀತಿತ್ತು. ಒಮ್ಮೆ ಬೇಸಿಗೆಯಲ್ಲಿ ಯಾರೋ ಅವಸರದಲ್ಲಿ ಅದನ್ನು ಲಾರಿಯ ಮೇಲೆ ಎಸೆದು, ಸಂಜೆ ಹೊತ್ತಿಗೆ ಕರಣೆ (ಚರ್ಮದ ನಡುವಿನ ಕಪ್ಪು ಲೇಪ) ಬಿರುಕು ಬಿಟ್ಟಿತ್ತಂತೆ. ಆ ರಾತ್ರಿ ಬೇರೆಯವರ ಮದ್ದಳೆಯಲ್ಲಿ ನುಡಿಸಿದ್ದನ್ನು ಅವರು ಇವತ್ತಿಗೂ ಮರೆತಿಲ್ಲ.

"ವಾದ್ಯ ಗಾಡಿಯಲ್ಲಿ ಹೋಗುವಾಗ ಹಾಳಾಗುವುದಿಲ್ಲ, ಗಾಡಿ ನಿಂತಾಗ ಹಾಳಾಗ್ತದೆ, ಆ ಮಾಣಿಗೆ ಹೇಳು" ಅಂದರು.


ಕೋಡಿಬಾಗ_ಆರುತಂತಿ · ಸೋಮವಾರ, ರಾತ್ರಿ 8:20

ಅಪ್ಪಯ್ಯನವರಿಗೆ ನನ್ನ ನಮಸ್ಕಾರ ತಿಳಿಸಿ. ಯೋಚಿಸಿದರೆ ನನ್ನದೂ ಹಾಗೇ ಆದದ್ದು. ಕಾರವಾರದಿಂದ ಅಂಕೋಲಾ ತನಕ ಎಸಿಯಲ್ಲಿ ಚೆನ್ನಾಗಿಯೇ ಬಂತು. ಕೆಟ್ಟದ್ದು ನಾವು ಊಟ ಮಾಡ್ತಾ ಇದ್ದಾಗ.

ಇವತ್ತು ರಜೆ ಹಾಕಿ ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿದೆ. ತಾಪ, ತೇವ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಎರಡು ತಂದೆ. ಒಂದನ್ನು ಹಿಂದಿನ ಸೀಟಿನ ಮೇಲೆ ನೆರಳು ಬೀಳುವ ಹಾಗೆ ಇಟ್ಟೆ. ಇನ್ನೊಂದನ್ನು ಗೆಳೆಯನ ಖಾಲಿ ಹಾರ್ಡ್ ಕೇಸಿನ ಒಳಗೆ ಹಾಕಿ, ಕೇಸಿಗೆ ಅಜ್ಜಿಯ ಕಂಬಳಿ ಸುತ್ತಿ, ಮೇಲೆ ಬಿಳಿ ಪಂಚೆ ಹೊದಿಸಿದೆ. 11:30ಕ್ಕೆ ಕಾರು ಮುಚ್ಚಿದೆ, ಆಗ ಎರಡರಲ್ಲೂ 32. ಅರ್ಧ ಗಂಟೆ ಬಿಟ್ಟು ನೋಡಿದರೆ ಸೀಟು 48, ಕೇಸಿನೊಳಗೆ 35. ಒಂದು ಗಂಟೆಗೆ ಸೀಟು 53, ಕೇಸು 40. ಮೂರು ಗಂಟೆಗೆ ಸೀಟು 56, ಕೇಸು 51. ಸೀಟಿನ ಮೇಲಿನ ಮೀಟರಿನಲ್ಲಿ ತೇವ 70ರಿಂದ 22ಕ್ಕೆ ಬಂದಿತ್ತು. ಸರ್, ನಿಮ್ಮ ಲೆಕ್ಕ ಕಣ್ಣೆದುರಿಗೇ ಕಂಡ ಹಾಗಾಯ್ತು.

ಕಂಬಳಿ ನನಗೆ ಅರ್ಧ ಗಂಟೆ ಕೊಡ್ತದೆ. ಚಾ ಕುಡಿಯುವಷ್ಟು ಹೊತ್ತಿಗೆ ಸಾಕು, ಊಟಕ್ಕೆ ಸಾಲದು.


ಕುಮಟಾ_ಭೌತಶಾಸ್ತ್ರ · ಸೋಮವಾರ, ರಾತ್ರಿ 9:45

ಬಹಳ ಸಂತೋಷವಾಯಿತು. ಅಳೆದು ನೋಡುವವರು ಸಿಗುವುದು ಕಡಿಮೆ. ಎರಡು ಮಾತು ಸೇರಿಸುತ್ತೇನೆ.

ಕಂಬಳಿ ಒಳಗಿನ ತಂಪನ್ನು ಹೇಗೆ ಹಿಡಿದಿಡುತ್ತದೋ ಬಿಸಿಯನ್ನೂ ಹಾಗೇ ಹಿಡಿದಿಡುತ್ತದೆ. ಗಿಟಾರ್ ತಣ್ಣಗಿರುವಾಗ ಸುತ್ತಿ. ಒಮ್ಮೆ ಒಳಗೆ ಕಾದುಬಿಟ್ಟರೆ ಕಂಬಳಿ ಬಿಚ್ಚಿ, ಇಲ್ಲವಾದರೆ ಎಸಿ ಹಾಕಿದರೂ ತಣಿಯುವುದಿಲ್ಲ.

ಇನ್ನೊಂದು ತಲುಪಿದ ಮೇಲಿನ ವಿಷಯ. ಎಸಿಯಲ್ಲಿ 22–23 ಡಿಗ್ರಿಗೆ ತಣಿದ ಗಿಟಾರನ್ನು ಕರಾವಳಿಯ ಗಾಳಿಗೆ ಫಕ್ಕನೆ ತೆಗೆಯಬೇಡಿ. 30 ಡಿಗ್ರಿ, 75 ಪ್ರತಿಶತ ತೇವ ಇರುವ ಗಾಳಿ ಸುಮಾರು 25 ಡಿಗ್ರಿಗೆ ತಣಿದರೆ ನೀರು ಬಿಡುತ್ತದೆ. ಅಂದರೆ ನಿಮ್ಮ ತಂತಿ, ಫ್ರೆಟ್ಟು, ಪಿಕಪ್ಪಿನ ಮೇಲೆ ಇಬ್ಬನಿ ಕೂರುತ್ತದೆ, ಜೊತೆಗೆ ಉಪ್ಪುಗಾಳಿ. ತಂತಿ ತುಕ್ಕು ಹಿಡಿಯಲು ಇಷ್ಟು ಸಾಕು. ಕೇಸನ್ನು ಮುಚ್ಚಿದ ಹಾಗೇ ಅರ್ಧ ಗಂಟೆ, ಮುಕ್ಕಾಲು ಗಂಟೆ ನೆರಳಲ್ಲಿ ಇಟ್ಟು ಆಮೇಲೆ ತೆರೆಯಿರಿ.


ಬೀಟೆಮರ_ಶಿರಸಿ · ಮಂಗಳವಾರ, ಬೆಳಿಗ್ಗೆ 6:40

ಸರ್ ಹೇಳಿದ್ದು ಬಂಗಾರದಂಥ ಮಾತು. ಒಂದೇ ಸೇರಿಸ್ತೇನೆ. ಅಕಸ್ಮಾತ್ ಕಾದಿದ್ದೇ ಆದರೆ ಗಾಬರಿಯಲ್ಲಿ ಟ್ರಸ್ ರಾಡ್ ತಿರುಗಿಸಲಿಕ್ಕೆ ಹೋಗಬೇಡ. ತಂತಿ ಒಂದು ಸ್ವರ ಇಳಿಸಿ ನೆರಳಲ್ಲಿ ಒಂದು ದಿನ ಪೂರ್ತಿ ಬಿಡು. ಬಹಳಷ್ಟು ಸಲ ಅರ್ಧಕ್ಕರ್ಧ ತಾನೇ ವಾಪಸ್ ಬರ್ತದೆ. ಆಮೇಲೂ ಬಾಗಿದ್ದರೆ ಕಾಲು ಸುತ್ತು ತಿರುಗಿಸಿ, ಮಾರನೇ ದಿನ ನೋಡಿ, ಬೇಕಾದರೆ ಇನ್ನೊಂದು ಕಾಲು ಸುತ್ತು. ಬಿಸಿ ಇರುವಾಗ ತಿರುಗಿಸಿದರೆ ತಣಿದ ಮೇಲೆ ನೆಕ್ ಹಿಂದಕ್ಕೆ ಬಾಗಿ ಕೆಳಗಿನ ಫ್ರೆಟ್ಟೆಲ್ಲ ಜರ್ ಜರ್ ಅನ್ನುತ್ತದೆ.

ಶಿರಸಿಗೆ ಬಂದಾಗ ಕಾರ್ಯಕ್ರಮದ ಮುಂಚೆ ನಮ್ಮಲ್ಲಿಗೆ ಬಾ. ಕೆಲಸದ ಕೋಣೆಗೆ ಹೆಂಚಿನ ಮಾಡು, ತಂಪಾಗಿದೆ, ಗಿಟಾರ್ ಅಲ್ಲೇ ಇಡಬಹುದು. ವಿಳಾಸ ಬೇರೆ ಮೆಸೇಜಿನಲ್ಲಿ ಕಳಿಸ್ತೇನೆ.


ಕೋಡಿಬಾಗ_ಆರುತಂತಿ · ಎರಡು ವಾರದ ನಂತರ, ಸೋಮವಾರ, ರಾತ್ರಿ 10:30

ಹೋಗಿ ಬಂದೆ. ನಡೆದದ್ದು ಬರೀತೇನೆ.

ಬೆಳಿಗ್ಗೆ 6 ಗಂಟೆಗೆ ಕಾರವಾರ ಬಿಟ್ಟೆವು. ಬಿಸಿಲು ಏರುವ ಮೊದಲೇ ಘಾಟಿ ಹತ್ತಿದ್ದೇ ದೊಡ್ಡ ಉಪಕಾರ ಆಯ್ತು. ಕುಮಟಾದಲ್ಲಿ ತಿಂಡಿಗೆ ಇಳಿದಾಗ ಕೇಸನ್ನೂ ಇಳಿಸಿದೆ. ಹೋಟೆಲಿನವರು ಮೊದಲು ದಿಟ್ಟಿಸಿ ನೋಡಿದರು, ಆಮೇಲೆ ಕೈತೊಳೆಯುವ ಬದಿಯಿಂದ ದೂರ ಒಂದು ಕುರ್ಚಿ ಎಳೆದು ಅದರ ಮೇಲೆ ಇಡಿ ಅಂದರು. ಶಿರಸಿಯ ಅಣ್ಣನ ಮನೆಗೆ ತಲುಪುವಾಗ ಕೇಸಿನೊಳಗಿನ ಮೀಟರ್ 26 ತೋರಿಸ್ತಿತ್ತು. ಮುಕ್ಕಾಲು ಗಂಟೆ ತೆರೆಯಲಿಲ್ಲ. ಆ ಹೊತ್ತಿನಲ್ಲಿ ಅವರು ಬೀಟೆಯ ಒಂದು ತುಂಡಿಗೆ ಉಗುರಿನಿಂದ ಗೀರಿ ಮೂಸಲಿಕ್ಕೆ ಕೊಟ್ಟರು. ಸಿಹಿ ವಾಸನೆ, ಸ್ವಲ್ಪ ಗುಲಾಬಿ ಹೂವಿನ ಹಾಗೆ. ನನ್ನ ಫ್ರೆಟ್‌ಬೋರ್ಡೂ ಒಂದು ಕಾಲಕ್ಕೆ ಹೀಗೇ ಪರಿಮಳ ಬೀರಿರಬೇಕು ಅಂತ ಅನ್ನಿಸ್ತು. ಕೇಸ್ ತೆರೆದಾಗ ತಂತಿ ಮೇಲೆ ಒಂದು ಹನಿ ಇಬ್ಬನಿ ಇರಲಿಲ್ಲ. ಇಳಿಸಿದ ಒಂದು ಸ್ವರ ಏರಿಸಿದೆ, ಸಂಜೆ ಕಾರ್ಯಕ್ರಮದ ಉದ್ದಕ್ಕೂ ಶ್ರುತಿ ನಿಂತಿತು.

ಹುಬ್ಬಳ್ಳಿಯಲ್ಲಿ ಕಷ್ಟ ಆಯ್ತು. ಹೊರಗೆ 38. ಊಟಕ್ಕೆ ಹೋದ ಕಡೆ ಒಳಗೆ ದೊಡ್ಡ ಸಾಮಾನು ತರಬೇಡಿ ಅಂದರು. ನಾವು ನಾಲ್ವರು ಎರಡು ಪಾಳಿಯಲ್ಲಿ ಊಟ ಮಾಡಿದೆವು. ಇಬ್ಬರು ಒಳಗೆ, ಇಬ್ಬರು ಕೇಸ್ ಹಿಡಿದುಕೊಂಡು ಪಕ್ಕದ ಅಂಗಡಿಯ ಮಾಡಿನ ನೆರಳಲ್ಲಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ವಾಪಸ್ ಬರುವಾಗ ಅರಬೈಲು ಇಳಿಯುವ ಹೊತ್ತಿಗೆ ಕತ್ತಲಾಗಿತ್ತು, ಎಸಿ ಬಂದ್ ಮಾಡಿ ಕಿಟಕಿ ಇಳಿಸಿಕೊಂಡು ಬಂದೆವು.

ಅಕ್ಕಾ, ಶಿರಸಿಯಿಂದ ಜೇನುಮೇಣ ತಂದಿದ್ದೇನೆ. ನಿನ್ನೆ ಪಿಕಪ್ ಬಿಚ್ಚಿದೆ. ನೀವು ಹೇಳಿದ ಹಾಗೇ, ಕವರಿನ ಕೆಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಮೇಣದ ಹನಿ ಮೂರು, ಸಾಲಾಗಿ. ಪ್ಯಾರಾಫಿನ್ ಎಷ್ಟು, ಜೇನುಮೇಣ ಎಷ್ಟು?


ಹೊನ್ನಾವರದ_ಅಕ್ಕ · ಸೋಮವಾರ, ರಾತ್ರಿ 10:52

ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ. ಭಾನುವಾರ ಬೆಳಿಗ್ಗೆ ಮಾಡು, ವಿಡಿಯೋ ಕಾಲ್ ಹಾಕು, ನಾನು ನೋಡ್ತಾ ಇರ್ತೇನೆ.